ಪರಿವಿಡಿಲಿ ಹಸ ಬರ್ತದೆ, ಬೆಟ್ಟೆ ಬರಲ್ಲ, ಎಂತ ಮಾಡೋದು ಮಾರಾಯ್ರೆ?

ತೋಟದಮನೆ:

ನಮಸ್ಕಾರ ಎಲ್ರಿಗೂ, ಹೊಸನಗರ ಕಡೆಯವ್ನು ನಾನು. ನಮ್ಮ ದೊಡ್ಡಪ್ಪ ಅಡಿಕೆ ತೋಟದ ಡೈರಿ ಬರ್ದಿಟ್ಟಿದಾರೆ, ಎಷ್ಟು ವರ್ಷದ್ದೋ ಏನೋ ಒಂದು ಟ್ರಂಕ್ ತುಂಬಾ ಇದೆ, ಯಾವ ವರ್ಷ ಕೊಳೆ ಜಾಸ್ತಿ ಬಂತು, ಎಷ್ಟು ಸಲ ಔಷಧಿ ಹೊಡೆಸಿದ್ರು, ಮಂಡಿಲಿ ರೇಟ್ ಎಷ್ಟಿತ್ತು, ಕೊನೆ ತೆಗಿಯೋಕೆ ಯಾರು ಬಂದಿದ್ರು ಎಲ್ಲಾ. ಅದನ್ನ ಒಂದು ಕೈಪಿಡಿ ತರ ಮಾಡೋಣ ಅಂತ ಈ ಮಳೆಗಾಲ ಕೂತ್ಕೊಂಡೆ, ಹೆಂಗೂ ಹೊರಗೆ ಕಾಲಿಡೋ ಹಂಗಿಲ್ಲ. ವರ್ಡಲ್ಲಿ ಶುರು ಮಾಡಿ 3 ಅಧ್ಯಾಯಕ್ಕೇ ಸುಸ್ತಾಯ್ತು, ಆಮೇಲೆ ಗೆಳೆಯ ಒಬ್ಬ ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ತೋರ್ಸಿಕೊಟ್ಟ (ಆರ್‌ಎಸ್‌ಟಿ ಅಂತ ಬರೀತೀನಿ ಇನ್ಮೇಲೆ). ಸಾದಾ ಟೆಕ್ಸ್ಟ್ ಫೈಲು, ಕರೆಂಟ್ ಹೋದ್ರೂ ಎಂತದೂ ಹಾಳಾಗಲ್ಲ, ನಂಗೆ ಇಷ್ಟ ಆಯ್ತು.

ಈಗ 14 ಅಧ್ಯಾಯ ಇದೆ, ಒಂದೊಂದಕ್ಕೆ ಒಂದೊಂದು ಫೈಲು. ಮುಖ್ಯ ಫೈಲಲ್ಲಿ ಪುಸ್ತಕದ ಹೆಸರು, ಪರಿವಿಡಿ, ಆಮೇಲೆ ಸಾಲಾಗಿ ಇನ್‌ಕ್ಲೂಡ್ (ಬೇರೆ ಫೈಲನ್ನ ಇಲ್ಲಿಗೆ ತರೋ ಕಮಾಂಡು), ಅಷ್ಟೇ. ಹಿಂಗಿದೆ (ಫೋನಲ್ಲಿ ಕನ್ನಡ ಕೀಬೋರ್ಡ್ ಮಾತ್ರ ಇರೋದು, ಕಮಾಂಡೂ ಕನ್ನಡದಲ್ಲೇ ಬರ್ದಿದೀನಿ, ಫೈಲಲ್ಲಿ ಇಂಗ್ಲಿಷಲ್ಲೇ ಇದೆ):

.. ಕಂಟೆಂಟ್ಸ್:: ಪರಿವಿಡಿ
   :ಡೆಪ್ತ್: 2

.. ಇನ್‌ಕ್ಲೂಡ್:: 05-ದರ್ಜೆ.ಟಿಎಕ್ಸ್‌ಟಿ
.. ಇನ್‌ಕ್ಲೂಡ್:: 06-ಮೆಣಸು.ಟಿಎಕ್ಸ್‌ಟಿ

ತೊಂದ್ರೆ ಏನಪ್ಪಾ ಅಂದ್ರೆ ಅಡಿಕೆ ದರ್ಜೆ ಅಧ್ಯಾಯದಲ್ಲಿ 4 ಉಪಶೀರ್ಷಿಕೆ ಇದೆ, ಹಸ, ಬೆಟ್ಟೆ, ರಾಶಿ, ಗೊರಬಲು. ಪರಿವಿಡಿಲಿ ಹಸ ಇದೆ, ಗೊರಬಲು ಇದೆ. ಬೆಟ್ಟೆ ಇಲ್ಲ, ರಾಶಿ ಇಲ್ಲ! ನಾಲ್ಕನ್ನೂ ಒಂದೇ ತರ ಟೈಪ್ ಮಾಡಿರೋದು, ಹೆಸರು, ಕೆಳಗೆ ಡ್ಯಾಶ್ ಡ್ಯಾಶ್. ಪುಟದಲ್ಲಿ ನೋಡಿದ್ರೆ ಬೆಟ್ಟೆ ಅಂತ ಸಣ್ಣ ಅಕ್ಷರದಲ್ಲಿ ಇದೆ, ಪಕ್ಕದಲ್ಲಿ ಎರಡು ಗೆರೆ ಹಂಗೇ ಉಳ್ಕೊಂಡಿದೆ. 3 ದಿನದಿಂದ ತಲೆ ಕೆಟ್ಟು ಮೊಸರಾಗಿದೆ.

ಇನ್ನೊಂದು, 06ನೇ ಫೈಲು ನಮ್ಮಕ್ಕ ಬೆಂಗ್ಳೂರಲ್ಲಿ ಕೂತು ಟೈಪ್ ಮಾಡಿ ಕಳ್ಸಿದ್ದು, ಆ ಕಾಳುಮೆಣಸು ಅಧ್ಯಾಯ ಹೋಗಿ ಅಡಿಕೆ ದರ್ಜೆ ಒಳಗೆ ಕೂತಿದೆ, ಅದ್ರೊಳಗಿನ ಸೊರಗು ರೋಗ ಮಾತ್ರ ದೊಡ್ಡ ಅಧ್ಯಾಯ ಆಗಿ ಹೊರಗೆ ಬಂದಿದೆ. ಬಾಡಿಗೆಗೆ ಬಂದವ್ನು ಮನೆ ಯಜಮಾನ ಆದ ಹಂಗೆ.

ಯಾರಿಗಾದ್ರೂ ಗೊತ್ತಿದ್ರೆ ಹೇಳಿ. ನೆಟ್‌ವರ್ಕ್ ಸಿಗೋಕೆ ಗುಡ್ಡ ಹತ್ಬೇಕು, ಉತ್ರ ಕೊಡೋದು ತಡ ಆದ್ರೆ ಬೇಜಾರ್ ಮಾಡ್ಕೋಬೇಡಿ.

ಆಗುಂಬೆ_ಮಳೆ:

ಡೆಪ್ತ್ 2 ಇದ್ಯಲ್ಲ ಅದನ್ನ 3 ಮಾಡಿ ನೋಡಿ, ನಂಗೂ ಒಂದ್ಸಲ ಹಿಂಗೇ ಆಗಿತ್ತು, ಒಳಗಿನ ತಲೆಬರಹ ಬರ್ತಿರ್ಲಿಲ್ಲ.

ತೋಟದಮನೆ:

ಮಾಡಿದೆ ಸಾರ್, ಡೆಪ್ತ್ ಸಾಲನ್ನೇ ತೆಗ್ದೂ ನೋಡ್ದೆ. ಹಸ ಮತ್ತೆ ಬೆಟ್ಟೆ ಒಂದೇ ಮಟ್ಟದ್ದಲ್ವಾ, ಹಸ ಬರ್ತದೆ ಅಂದ್ರೆ ಡೆಪ್ತ್ ಅಲ್ಲ ಅನ್ಸತ್ತೆ.

ಒತ್ತಕ್ಷರ:

ಒಂದ್ ಪ್ರಶ್ನೆ. ಫೈಲ್ ಓಡ್ಸುವಾಗ ವಾರ್ನಿಂಗ್ ಎಂತದೂ ಬರ್ತಿಲ್ವಾ? ಗೊರಬಲು ಸಾಲಿಗಾದ್ರೂ ಒಂದು ಬರ್ಲೇಬೇಕಲ್ಲ.

ತೋಟದಮನೆ:

ಶುರುಲಿ ಬರ್ತಿತ್ತು, ಪುಟದ ತುಂಬಾ ಕೆಂಪು ಡಬ್ಬಿ ಡಬ್ಬಿ, ನೋಡೋಕೆ ಅಸಹ್ಯ. ಎಲ್ಲೋ ಓದಿ ರಿಪೋರ್ಟ್ ಲೆವೆಲ್ 3 ಅಂತ ಹಾಕಿದ್ಮೇಲೆ ಹೋಯ್ತು.

ಒತ್ತಕ್ಷರ:

ಅಯ್ಯೋ ದೇವ್ರೆ. ಹೊಗೆ ಬರ್ತಿದೆ ಅಂತ ಕಿಟಕಿ ಮುಚ್ಕೊಂಡ್ರಾ! ಸರಿ ಕೂತ್ಕೊಳ್ಳಿ, ಹೇಳ್ತೀನಿ, ಸ್ವಲ್ಪ ಉದ್ದ ಆಗತ್ತೆ. ನಾನು ತೀರ್ಥಹಳ್ಳಿಯೋಳು, ಕೆಲಸ ಸಾಫ್ಟ್‌ವೇರ್ ಮ್ಯಾನ್ಯುಯಲ್ ಬರೆಯೋದು, ಹಗಲೆಲ್ಲ ಇದೇ ನೋಡ್ತಿರ್ತೀನಿ, ಆದ್ರೂ ಕನ್ನಡದಲ್ಲಿ ಮಾಡುವಾಗ ಇದೇ ಗುಂಡಿಗೆ ನಾನೂ ಬಿದ್ದಿದ್ದೆ.

ಆರ್‌ಎಸ್‌ಟಿಲಿ ತಲೆಬರಹ ಅಂದ್ರೆ ಒಂದು ಸಾಲು ಬರಹ, ಅದ್ರ ಕೆಳಗೆ ಒಂದು ಸಾಲು ಗೆರೆ. ನಿಯಮ ಏನು ಅಂದ್ರೆ ಗೆರೆ ಬರಹದಷ್ಟೇ ಉದ್ದ ಇರ್ಬೇಕು, ಇಲ್ಲಾ ಜಾಸ್ತಿ ಇರ್ಬೇಕು. ಉದ್ದ ಅಂದ್ರೆ ಯಾರ ಲೆಕ್ಕದಲ್ಲಿ? ಅಲ್ಲೇ ಇರೋದು ಕತೆ. ನೀವು ಕಣ್ಣಲ್ಲಿ ನೋಡಿ ಬೆಟ್ಟೆ ಅಂದ್ರೆ ಬೆ, ಟ್ಟೆ, ಎರಡಕ್ಷರ ಅಂತ ಎರಡು ಡ್ಯಾಶ್ ಹಾಕಿದೀರಿ. ಶಾಲೆಲಿ ಕಲ್ತ ಲೆಕ್ಕಕ್ಕೆ ಅದು ಸರಿನೇ. ಆದ್ರೆ ಡಾಕ್ಯುಟಿಲ್ಸ್ (ಆರ್‌ಎಸ್‌ಟಿ ಓದೋ ಪ್ರೋಗ್ರಾಮ್, ಪೈಥಾನಲ್ಲಿ ಬರ್ದಿರೋದು) ಯುನಿಕೋಡ್ ಲೆಕ್ಕ ಹಾಕತ್ತೆ. ಬ, ಎತ್ವ, ಟ, ವಿರಾಮ, ಟ, ಎತ್ವ, ಒಟ್ಟು 6 ಸಂಕೇತ. ಅದ್ರಲ್ಲಿ ಒತ್ತು ಮಾಡೋ ವಿರಾಮ ಚಿಹ್ನೆನ ಮಾತ್ರ ಅಗಲ ಇಲ್ಲ ಅಂತ ಕಳೀತದೆ, ಎತ್ವ ಕೊಂಬು ಗುಡಿಸು ಇಳಿ ಎಲ್ಲಾ ಒಂದೊಂದು ಅಕ್ಷರ ಅಂತನೇ ಲೆಕ್ಕ. ಅಂದ್ರೆ ಬೆಟ್ಟೆಗೆ 5. ನೀವು ಕೊಟ್ಟಿದ್ದು 2.

ಗೆರೆ ಗಿಡ್ಡ ಆದಾಗ ಎರಡು ತರ ಆಗತ್ತೆ. ಗೆರೆಲಿ 4 ಅಥವಾ ಅದಕ್ಕಿಂತ ಜಾಸ್ತಿ ಚಿಹ್ನೆ ಇದ್ರೆ, ಗೆರೆ ಸಾಲದು ಅಂತ ಬೈದು ಆದ್ರೂ ತಲೆಬರಹ ಅಂತ ಒಪ್ಕೊಳ್ತದೆ. 4ಕ್ಕಿಂತ ಕಡಿಮೆ ಇದ್ರೆ, ಓಹೋ ಇದು ತಲೆಬರಹ ಅಲ್ಲ ಯಾರೋ ಸುಮ್ನೆ ಡ್ಯಾಶ್ ಹಾಕಿದಾರೆ ಅಂತ ಸಾದಾ ಸಾಲು ಮಾಡ್ಬಿಡ್ತದೆ. ತಲೆಬರಹನೇ ಅಲ್ಲ ಅಂದ್ಮೇಲೆ ಪರಿವಿಡಿಗೆ ಹೆಂಗ್ ಬರತ್ತೆ. ನಿಮ್ ನಾಲ್ಕನ್ನೂ ಇಟ್ಟು ನೋಡಿ ಈಗ:

ಹಸ: ಹ, ಸ. ಯಾವ ಗುಣಿತಾನೂ ಇಲ್ಲ, ಲೆಕ್ಕ 2, ಗೆರೆ 2. ಪಾಸು.
ಬೆಟ್ಟೆ: ಲೆಕ್ಕ 5, ಗೆರೆ 2. ಢಮಾರ್.
ರಾಶಿ: ರ, ಇಳಿ, ಶ, ಗುಡಿಸು, ಲೆಕ್ಕ 4, ಗೆರೆ 2. ಢಮಾರ್.
ಗೊರಬಲು: ಲೆಕ್ಕ 6, ಗೆರೆ 4. ಬೈಗುಳ ತಿಂದು ಪಾಸು.

ಬೈಗುಳ ನಿಮಗೆ ಕೇಳ್ಸಿಲ್ಲ ಯಾಕಂದ್ರೆ ಲೆವೆಲ್ 3 ಅಂದ್ರೆ ಎರರ್ ಮಾತ್ರ ತೋರ್ಸು ಅಂತ. ಮಜಾ ಏನು ಗೊತ್ತಾ, ಬೆಟ್ಟೆ ವಿಷ್ಯ ನೀವು ಎಂತದೂ ಮುಟ್ಟದೇ ಇದ್ದಿದ್ರೂ ಕಾಣ್ತಿರ್ಲಿಲ್ಲ, ಅದು ಬರೀ ಮಾಹಿತಿ ಮಟ್ಟದ ಮೆಸೇಜು, ಮೊದ್ಲಿಂದ ಇರೋ ಸೆಟಿಂಗ್ 2, ಅದು ವಾರ್ನಿಂಗಿಂದ ಮೇಲಿಂದು ಮಾತ್ರ ತೋರ್ಸೋದು. ರಿಪೋರ್ಟ್ ಲೆವೆಲ್ 1 ಮಾಡಿ ಒಂದ್ಸಲ ಓಡ್ಸಿ, ಯಾವ ಯಾವ ಸಾಲು ನುಂಗಿದೆ ಅಂತ ಸಾಲಿನ ನಂಬರ್ ಸಮೇತ ಹೇಳತ್ತೆ.

ಪರಿಹಾರ ಬಾಳ ಸುಲಭ. ಲೆಕ್ಕ ಹಾಕೋಕೇ ಹೋಗ್ಬೇಡಿ. ಗೆರೆ ಉದ್ದ ಆದ್ರೆ ಯಾರೂ ಕೇಳಲ್ಲ, ಅದಕ್ಕೇ ನಾನು ಎಲ್ಲಾದಕ್ಕೂ 40 ಡ್ಯಾಶ್ ಒಂದು ಸಾಲು ಕಾಪಿ ಇಟ್ಕೊಂಡಿದೀನಿ, ತಲೆಬರಹ ಬರೀ, ಪೇಸ್ಟ್ ಮಾಡು, ಮುಂದೆ ಹೋಗು. ಕೆಲವು ಪದದಲ್ಲಿ ಕಣ್ಣಿಗೆ ಕಾಣದ ಜೋಡಿಸದ ಚಿಹ್ನೆ ಬೇರೆ ಇರತ್ತೆ, ನ್ ಆದ್ಮೇಲೆ ಒತ್ತು ಆಗ್ದಂಗೆ ಹಾಕ್ತೀವಲ್ಲ ಅದು, ಅದನ್ನೂ ಒಂದು ಅಕ್ಷರ ಅಂತ ಎಣ್ಸತ್ತೆ. ಕಾಣದೇ ಇರೋದನ್ನ ಎಣ್ಸ್ಕೊಂಡು ಕೂರೋಕಾಗತ್ತಾ.

ದುರ್ಗಿಗುಡಿ_ಲೈನಕ್ಸ್:

ಅದಕ್ಕೇ ಹೇಳೋದು ಆಸ್ಕಿಡಾಕ್ (ಆರ್‌ಎಸ್‌ಟಿ ತರದ್ದೇ ಇನ್ನೊಂದು) ಬಳ್ಸಿ ಅಂತ 😀 ತಲೆಬರಹದ ಮುಂದೆ ಎರಡು ಈಕ್ವಲ್ಸ್ ಹಾಕಿ ಬೆಟ್ಟೆ ಅಂತ ಬರ್ದ್ರೆ ಮುಗೀತು, ಉದ್ದ ಗಿಡ್ಡ ತಕರಾರೇ ಇಲ್ಲ. ಮೇಲ್ಗಡೆ :ಟಿಓಸಿ: (ಇಂಗ್ಲಿಷಲ್ಲಿ ಪರಿವಿಡಿಗೆ ಚುಟುಕು ಹೆಸರು) ಅಂತ ಒಂದು ಸಾಲು, :ಟಿಓಸಿ-ಟೈಟಲ್: ಪರಿವಿಡಿ ಅಂತ ಇನ್ನೊಂದು ಸಾಲು. ಸುಮ್ನೆ ಬಿಟ್ರೆ 2 ಮಟ್ಟದವರೆಗೆ ತೋರ್ಸತ್ತೆ, ಜಾಸ್ತಿ ಬೇಕು ಅಂದ್ರೆ :ಟಿಓಸಿಲೆವೆಲ್ಸ್: 3. ಪರಿವಿಡಿ ಮುನ್ನುಡಿ ಆದ್ಮೇಲೆ ಬರ್ಬೇಕು ಅಂದ್ರೆ :ಟಿಓಸಿ: ಮ್ಯಾಕ್ರೋ ಅಂತ ಹಾಕಿ ಬೇಕಾದ ಜಾಗದಲ್ಲಿ ಟಿಓಸಿ::[] ಅಂತ ಬರೆಯೋದು.

ಅವ್ರ ಅಕ್ಕನ ಫೈಲಿನ ಸಮಸ್ಯೆಗೂ ಇಲ್ಲಿ ಮದ್ದಿದೆ, ಇನ್‌ಕ್ಲೂಡ್::06-ಮೆಣಸು[ಲೆವೆಲ್‌ಆಫ್‌ಸೆಟ್=+1] ಅಂದ್ರೆ ಆ ಫೈಲಿನ ಎಲ್ಲಾ ತಲೆಬರಹ ಒಂದೊಂದು ಮೆಟ್ಲು ಇಳ್ಕೊಂಡು ಕೂರತ್ತೆ. ಒಂದೇ ಎಚ್ಚರ, ಎರಡು ಇನ್‌ಕ್ಲೂಡ್ ನಡುವೆ ಖಾಲಿ ಸಾಲು ಬಿಡಿ. ಇಲ್ದಿದ್ರೆ ಹಿಂದಿನ ಫೈಲಿನ ಕೊನೆ ಪ್ಯಾರಾಗೆ ಮುಂದಿನ ಫೈಲಿನ ತಲೆಬರಹ ಅಂಟ್ಕೊಂಡು ಬಿಡತ್ತೆ, ಪರಿವಿಡಿಲಿ ಮತ್ತೆ ಒಂದು ಅಧ್ಯಾಯ ಮಾಯ.

ಆಗುಂಬೆ_ಮಳೆ:

ಮಾರ್ಕ್‌ಡೌನಲ್ಲಿ ಇದೆಲ್ಲಾ ಇಲ್ವಾ? ಎಲ್ರೂ ಅದನ್ನೇ ಬಳ್ಸೋದಲ್ವಾ ಈಗ.

ದುರ್ಗಿಗುಡಿ_ಲೈನಕ್ಸ್:

2004ರಲ್ಲಿ ಜಾನ್ ಗ್ರೂಬರ್ ಬರ್ದ ಮೂಲ ಮಾರ್ಕ್‌ಡೌನಲ್ಲಿ ಪರಿವಿಡಿನೂ ಇಲ್ಲ ಇನ್‌ಕ್ಲೂಡೂ ಇಲ್ಲ. ಆಮೇಲೆ ಬಂದ ಕಾಮನ್‌ಮಾರ್ಕಲ್ಲೂ ಇಲ್ಲ. ಅದನ್ನ ಓದೋ ಟೂಲುಗಳು ತಂತಮ್ಮ ದಾರಿ ಮಾಡ್ಕೊಂಡಿವೆ, ಪೈಥಾನ್ ಮಾರ್ಕ್‌ಡೌನಲ್ಲಿ ಚೌಕ ಕಂಸದಲ್ಲಿ [ಟಿಓಸಿ] ಅಂತ ಬರೀಬೇಕು, ಅದೂ ಆ ಎಕ್ಸ್‌ಟೆನ್ಶನ್ ಆನ್ ಮಾಡಿದ್ರೆ. ಪ್ಯಾನ್‌ಡಾಕಲ್ಲಿ ಕಮಾಂಡ್ ಜೊತೆ ಟಿಓಸಿ ಅಂತ ಕೊಡ್ಬೇಕು, ಸ್ಟ್ಯಾಂಡಲೋನ್ ಅನ್ನೋದೂ ಜೊತೆಗಿರ್ಲಿ, ಇಲ್ದಿದ್ರೆ ಪರಿವಿಡಿ ಬರಲ್ಲ. ಇನ್‌ಕ್ಲೂಡ್ ಬದ್ಲು 14 ಫೈಲನ್ನೂ ಸಾಲಾಗಿ ಕೊಟ್ರೆ ಅದೇ ಒಂದು ಮಾಡ್ಕೊಳ್ಳತ್ತೆ. ಹೆಸರಿಗೆ ಮುಂದೆ 01, 02 ಅಂತ ಹಾಕಿರ್ಬೇಕು ಮಾತ್ರ, ಬರೀ 1, 2 ಅಂತ ಹಾಕಿ ಸ್ಟಾರ್ ಕೊಟ್ರೆ 10ನೇ ಅಧ್ಯಾಯ 2ರ ಮುಂಚೆ ಬಂದು ನಿಲ್ಲತ್ತೆ.

ತೋಟದಮನೆ:

ಒತ್ತಕ್ಷರ ಮೇಡಂ ನಿಮಗೆ ಒಂದು ಕೊಟ್ಟೆ ಕಡುಬು ಪಾರ್ಸಲ್ ಗ್ಯಾರಂಟಿ! ಲೆವೆಲ್ 1 ಮಾಡಿ ಓಡ್ಸಿದೆ, ಬೆಟ್ಟೆ ರಾಶಿ ಅಲ್ದೇ ಇನ್ನೂ 11 ಕಡೆ ನುಂಗಿತ್ತು, ನಾನು ನೋಡೇ ಇರ್ಲಿಲ್ಲ. ಸೋಗೆ, ಹಾಳೆ, ಒಗರು, ಹಿಂಗೆ ಸಣ್ಣ ಸಣ್ಣ ಹೆಸರೆಲ್ಲ ಹೋಗಿತ್ತು, ಉದ್ದ ಹೆಸರೆಲ್ಲ ಉಳ್ಕೊಂಡಿತ್ತು. ಈಗ 40 ಗೆರೆ ಹಾಕಿ ಎಲ್ಲಾ ಬಂತು.

ಆಸ್ಕಿಡಾಕ್ ಚೆನ್ನಾಗಿದೆ ಆದ್ರೆ 14 ಫೈಲ್ ಮತ್ತೆ ತಿದ್ದೋ ತಾಕತ್ತಿಲ್ಲ ಸಾರ್. ಅಕ್ಕನ ಫೈಲಿಗೆ ಆರ್‌ಎಸ್‌ಟಿಲೇ ಏನಾದ್ರೂ ಇದ್ರೆ ಹೇಳಿ. ಮತ್ತೆ ಬೋರ್ಡೋ ದ್ರಾವಣದ ವಿಷ್ಯ ಒಂದಿದೆ. ಅಡಿಕೆ ಕೊಳೆಗೆ, ಮೆಣಸಿನ ಬಳ್ಳಿ ಸೊರಗು ರೋಗಕ್ಕೆ, ಏಲಕ್ಕಿಗೆ, ಮೂರು ಅಧ್ಯಾಯದಲ್ಲೂ ಶೇ. 1ರ ಬೋರ್ಡೋ ಮಾಡೋ ವಿಧಾನ ಬರ್ತದೆ. ಮೊದ್ಲು ಮೂರು ಕಡೆನೂ ಕಾಪಿ ಪೇಸ್ಟ್ ಮಾಡಿದ್ದೆ. ದೊಡ್ಡಪ್ಪ ಪ್ರಿಂಟ್ ನೋಡಿ ಕನ್ನಡಕ ತೆಗ್ದು ನನ್ನ ಮುಖ ನೋಡಿದ್ರು, ಏಲಕ್ಕಿ ಅಧ್ಯಾಯದಲ್ಲಿ ಸುಣ್ಣ 1 ಕೆಜಿ ಬದ್ಲು 100 ಗ್ರಾಂ ಅಂತ ಬಿದ್ದಿತ್ತು, ನಂದೇ ತಪ್ಪು. "ಹಿಂಗೆ ಹೊಡೆದ್ರೆ ಗಿಡ ಸುಟ್ಟು ಹೋಗ್ತದೆ ಕಣಾ" ಅಂದ್ರು. ಆಮೇಲೆ ಅದನ್ನ ಬೋರ್ಡೋ.ಟಿಎಕ್ಸ್‌ಟಿ ಅಂತ ಬೇರೆ ಫೈಲ್ ಮಾಡಿ ಮೂರು ಕಡೆ ಇನ್‌ಕ್ಲೂಡ್ ಹಾಕಿದೆ, ಈಗ ಡುಪ್ಲಿಕೇಟ್ ಟಾರ್ಗೆಟ್ ಅಂತ ಎಂತದೋ ಗಲಾಟೆ ಮಾಡ್ತಿದೆ.

ಒತ್ತಕ್ಷರ:

ಬೋರ್ಡೋನ ಒಂದೇ ಫೈಲಲ್ಲಿ ಇಟ್ಟಿದ್ದು ಬಾಳ ಒಳ್ಳೇದಾಯ್ತು. ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್, ಇದು ಇಡೀ ಪುಸ್ತಕದಲ್ಲಿ ಒಂದೇ ಕಡೆ ಬರ್ದಿರ್ಬೇಕು, ತಿದ್ದೋದೂ ಒಂದೇ ಕಡೆ. ಇನ್‌ಕ್ಲೂಡ್ ಇರೋದೇ ಇದಕ್ಕೆ. ಕಬ್ಬಿಣದ ಕತ್ತಿ ಅದ್ದಿ ನೋಡೋದು ಬರ್ದಿದೀರಾ ಅದ್ರಲ್ಲಿ? ನಮ್ಮನೇಲಿ ಅಪ್ಪ ಕತ್ತಿ ಅದ್ದಿ ತೆಗ್ದು, ತಾಮ್ರದ ಬಣ್ಣ ಹತ್ತಿದ್ರೆ ಇನ್ನೊಂಚೂರು ಸುಣ್ಣದ ತಿಳಿ ಹಾಕ್ಸೋರು. ಅದನ್ನ ಹಾಕಿ.

ಈಗ ಗಲಾಟೆ ವಿಷ್ಯ. ಇನ್‌ಕ್ಲೂಡ್ ಅಂದ್ರೆ ಎಂತ ಅಂತ ಒಂದ್ಸಲ ಸರಿಯಾಗಿ ತಲೆಗೆ ಹೋದ್ರೆ ನಿಮ್ಮ ಎರಡೂ ಪ್ರಶ್ನೆ ಬಗೆಹರಿಯತ್ತೆ. ಅದು ಬರೀ ಅಂಟಿಸೋದು. ಆ ಫೈಲಲ್ಲಿ ಇರೋ ಸಾಲುಗಳನ್ನ ತಂದು ಇಲ್ಲಿ ಸುರಿಯೋದು, ಅಷ್ಟೇ. ಇದು ಬೇರೆ ಅಧ್ಯಾಯ, ಇದನ್ನ ಅಕ್ಕ ಬರ್ದಿದ್ದು ಅಂತೆಲ್ಲಾ ಅದಕ್ಕೆ ಗೊತ್ತಿಲ್ಲ.

ಆರ್‌ಎಸ್‌ಟಿಲಿ ಈಕ್ವಲ್ಸ್ ಅಂದ್ರೆ ಅಧ್ಯಾಯ, ಡ್ಯಾಶ್ ಅಂದ್ರೆ ಉಪಶೀರ್ಷಿಕೆ ಅಂತ ಕಾನೂನೇನಿಲ್ಲ, ಯಾವ ಗೆರೆ ಮೊದ್ಲು ಕಂಡ್ತೋ ಅದು ದೊಡ್ಡದು, ಅದಾದ್ಮೇಲೆ ಕಂಡಿದ್ದು ಸಣ್ಣದು. ನಿಮ್ಮ ಮೊದಲನೇ ಅಧ್ಯಾಯದಲ್ಲಿ ಈಕ್ವಲ್ಸ್ ದೊಡ್ಡದು ಡ್ಯಾಶ್ ಚಿಕ್ಕದು ಅಂತ ತೀರ್ಮಾನ ಆಗೋಯ್ತು. ಅಕ್ಕ ಉಲ್ಟಾ ಬಳ್ಸಿರ್ಬೇಕು, ಅಧ್ಯಾಯಕ್ಕೆ ಡ್ಯಾಶ್, ಒಳಗಿಂದಕ್ಕೆ ಈಕ್ವಲ್ಸ್. ಅವ್ರ ಫೈಲ್ ಒಂದನ್ನೇ ಓಡ್ಸಿದ್ರೆ ಚೆನ್ನಾಗೇ ಬರತ್ತೆ, ಅವ್ರದ್ದೇನೂ ತಪ್ಪಿಲ್ಲ, ಆದ್ರೆ ನಿಮ್ ಪುಸ್ತಕಕ್ಕೆ ಸುರಿದಾಗ ಕಾಳುಮೆಣಸು ಡ್ಯಾಶ್ ಇರೋದ್ರಿಂದ ಹಿಂದಿನ ಅಧ್ಯಾಯದ ಒಳಗೆ ಹೋಯ್ತು, ಸೊರಗು ರೋಗ ಈಕ್ವಲ್ಸ್ ಇರೋದ್ರಿಂದ ಅಧ್ಯಾಯ ಆಯ್ತು. ಇದಕ್ಕೆ ಎರರ್ ಕೂಡ ಬರಲ್ಲ, ಯಾಕಂದ್ರೆ ಡಾಕ್ಯುಟಿಲ್ಸ್ ಕಣ್ಣಿಗೆ ಎಲ್ಲಾ ಸರಿನೇ ಇದೆ. ಆಸ್ಕಿಡಾಕಲ್ಲಿ ಇರೋ ತರ ಮೆಟ್ಲು ಇಳ್ಸೋ ವ್ಯವಸ್ಥೆ ಇದ್ರಲ್ಲಿ ಇಲ್ಲ. ಅಕ್ಕನ ಫೈಲಲ್ಲಿ ಫೈಂಡ್ ರಿಪ್ಲೇಸ್ ಹಾಕಿ ಅದಲು ಬದಲು ಮಾಡಿ. ಹೊಸ ಫೈಲ್ ಯಾರು ಬರೆದ್ರೂ ಯಾವ ಮಟ್ಟಕ್ಕೆ ಯಾವ ಗೆರೆ ಅಂತ ಮುಖ್ಯ ಫೈಲಿನ ತಲೆಲೇ ಒಂದು ಕಾಮೆಂಟ್ ಬರ್ದಿಡಿ.

ಬೋರ್ಡೋದೂ ಅದೇ ಕತೆ. ಫೈಲಿನ ತಲೆಲಿ ಅಡ್ಡಗೆರೆ (ಅಂಡರ್‌ಸ್ಕೋರ್) ಹಾಕಿ ಲೇಬಲ್ ಕೊಟ್ಟಿದೀರ ಅನ್ಸತ್ತೆ, ಮೂರು ಸಲ ಸುರಿದ್ರೆ ಒಂದೇ ಹೆಸರಿನ ಲೇಬಲ್ ಮೂರಾಯ್ತು, ಯಾವ್ದಕ್ಕೆ ಲಿಂಕ್ ಕೊಡ್ಲಿ ಅಂತ ಅದು ಕೇಳ್ತಿದೆ. ಹಂಚ್ಕೊಳ್ಳೋ ಫೈಲಲ್ಲಿ ಲೇಬಲ್ ಇಡ್ಬೇಡಿ, ತಲೆಬರಹಾನೂ ಇಡ್ಬೇಡಿ, ಬರೀ ವಿಷ್ಯ ಇರ್ಲಿ. ತಲೆಬರಹ ಆಯಾ ಅಧ್ಯಾಯದಲ್ಲೇ ಇರ್ಲಿ. ಹಂಗ್ ಮಾಡಿದ್ರೆ ಪರಿವಿಡಿಲೂ "ಬೋರ್ಡೋ ತಯಾರಿ" ಅಂತ ಮೂರ್ ಮೂರು ಸಲ ಬರೋದು ತಪ್ಪತ್ತೆ.

ಪೂರ್ತಿ ಫೈಲ್ ಬೇಡ ಸ್ವಲ್ಪ ಭಾಗ ಸಾಕು ಅಂದ್ರೆ ಸ್ಟಾರ್ಟ್-ಆಫ್ಟರ್, ಎಂಡ್-ಬಿಫೋರ್ ಅಂತ ಎರಡು ಆಪ್ಶನ್ ಇದೆ, ಬೋರ್ಡೋ ಫೈಲಲ್ಲಿ ಒಂದು ಕಾಮೆಂಟ್ ಸಾಲು "ಅಳತೆ ಶುರು" ಅಂತ, ಇನ್ನೊಂದು "ಅಳತೆ ಮುಗೀತು" ಅಂತ ಹಾಕಿ ಆ ಮಾತನ್ನೇ ಕೊಟ್ರೆ ನಡುವಿಂದು ಮಾತ್ರ ಬರತ್ತೆ. ಸಾಲಿನ ನಂಬರ್ ಕೊಡೋದೂ ಇದೆ, ಆದ್ರೆ ಬೇಡ. ಎಣಿಕೆ 0ಯಿಂದ ಶುರು ಆಗತ್ತೆ, ಮೇಲೆ ಒಂದು ಸಾಲು ಸೇರ್ಸಿದ್ರೂ ಎಲ್ಲಾ ಜಾರತ್ತೆ, ನಾಳೆ ಮತ್ತೆ ಸುಣ್ಣ ಬಿಟ್ಟುಹೋದ್ರೆ ದೊಡ್ಡಪ್ಪ ಈ ಸಲ ಕನ್ನಡಕ ತೆಗಿಯಲ್ಲ, ದೊಣ್ಣೆನೇ ತೆಗೀತಾರೆ.

ತುಂಗಾತೀರ:

ತಡವಾಗಿ ನೋಡ್ದೆ. ನಾನಾದ್ರೆ ಇನ್‌ಕ್ಲೂಡ್ ಬದ್ಲು ಸ್ಫಿಂಕ್ಸ್ (ಆರ್‌ಎಸ್‌ಟಿ ಫೈಲಿಂದ ವೆಬ್‌ಸೈಟ್ ಮಾಡೋ ಪ್ರೋಗ್ರಾಮ್) ಹಾಕಿ ಟಾಕ್‌ಟ್ರೀ ಬಳ್ಸು ಅಂತೀನಿ, ಇದೇ ಆರ್‌ಎಸ್‌ಟಿ ಫೈಲುಗಳೇ ನಡೀತದೆ, ಅಧ್ಯಾಯದ ಫೈಲಿನ ಬಾಲ ಮಾತ್ರ .ಆರ್‌ಎಸ್‌ಟಿ ಅಂತ ಮಾಡಿ, ಮತ್ತೆ ಟೈಪ್ ಮಾಡೋದು ಬೇಡ. ಟಾಕ್‌ಟ್ರೀ ಕೆಳಗೆ 14 ಹೆಸರು ಸಾಲಾಗಿ ಬರ್ದು ಮ್ಯಾಕ್ಸ್‌ಡೆಪ್ತ್ 2 ಅಂತ ಕೊಡೋದು. ಪ್ರತಿ ಫೈಲನ್ನೂ ಬೇರೆ ಬೇರೆಯಾಗಿ ಓದಿ ಆಮೇಲೆ ಮರಕ್ಕೆ ಕೊಂಬೆ ಕಟ್ಟಿದಂಗೆ ಕಟ್ಟೋದ್ರಿಂದ ಅವ್ರ ಅಕ್ಕ ಯಾವ ಗೆರೆ ಹಾಕಿದ್ರೂ ತೊಂದ್ರೆ ಇಲ್ಲ, ಒಂದು ಫೈಲ್ ಒಳಗೆ ಸರಿ ಇದ್ರೆ ಸಾಕು. ಅಧ್ಯಾಯಕ್ಕೊಂದು ಪುಟ ಆಗತ್ತೆ, ಪರಿವಿಡಿ ಪಕ್ಕದಲ್ಲಿ ನಿಲ್ಲತ್ತೆ.

ಆದ್ರೆ ಬೋರ್ಡೋ ಫೈಲಿಗೆ .ಆರ್‌ಎಸ್‌ಟಿ ಅಂತ ಬಾಲ ಇಟ್ರೆ ಸ್ಫಿಂಕ್ಸ್ ಅದನ್ನೂ ಒಂದು ಅಧ್ಯಾಯ ಅಂದ್ಕೊಂಡು ಬಿಡತ್ತೆ, "ಇದು ಯಾವ ಪರಿವಿಡಿಲೂ ಇಲ್ಲ" ಅಂತ ಬೇರೆ ಗೊಣಗತ್ತೆ. ತುಂಡು ಫೈಲಿಗೆ .ಐಎನ್‌ಸಿ ಅಂತನೋ .ಟಿಎಕ್ಸ್‌ಟಿ ಅಂತನೋ ಇಡಿ, ಇಲ್ಲಾ ಕಾನ್ಫ್ (ಸೆಟಿಂಗ್) ಫೈಲಲ್ಲಿ ಎಕ್ಸ್‌ಕ್ಲೂಡ್ ಪಟ್ಟಿಗೆ ಸೇರ್ಸಿ.

ಒತ್ತಕ್ಷರ:

ಒಪ್ಕೋತೀನಿ, ವೆಬ್‌ಸೈಟ್ ಆದ್ರೆ ಸ್ಫಿಂಕ್ಸೇ. ಇವ್ರಿಗೆ ಬೇಕಾಗಿರೋದು ದೊಡ್ಡಪ್ಪನ ಕೈಗೆ ಕೊಡೋ ಒಂದು ಪುಸ್ತಕ ಅನ್ಸತ್ತೆ, ಅದಕ್ಕೆ ಇದ್ದಿದ್ದೇ ಸಾಕು ಅಂದೆ.

ತೋಟದಮನೆ:

ಎರಡೂ ಬೇಕು ಅನ್ನೋ ದುರಾಸೆ ಇದೆ 🙂 ಸದ್ಯಕ್ಕೆ ಪುಸ್ತಕ. ಅದಲು ಬದಲು ಮಾಡಿದ್ಮೇಲೆ ಕಾಳುಮೆಣಸು ತನ್ನ ಜಾಗಕ್ಕೆ ಬಂತು. ಅಕ್ಕಂಗೆ ಫೋನ್ ಮಾಡಿ ಹೇಳ್ದೆ, "ನಿನ್ ಪ್ರೋಗ್ರಾಮಿಗೆ ಬುದ್ಧಿ ಇಲ್ಲ ಕಣೋ" ಅಂದ್ಳು.

ಇನ್ನೆರಡು ಸಣ್ಣ ಪ್ರಶ್ನೆ. ಗಿಟ್‌ಹಬ್ಬಲ್ಲಿ ಹಾಕಿ ನೋಡಿದ್ರೆ ಮುಖ್ಯ ಫೈಲಲ್ಲಿ ಅಧ್ಯಾಯಗಳೇ ಕಾಣ್ತಿಲ್ಲ, ನಮ್ಮನೇಲಿ ಓಡ್ಸಿದ್ರೆ ಕಾಣ್ತದೆ. ಮತ್ತೆ ಕೊಳೆ ರೋಗದ ಭಾಗಕ್ಕೆ ಪಕ್ಕದ ಮನೆಯವ್ರಿಗೆ ಲಿಂಕ್ ಕಳ್ಸಿದ್ದೆ, ಮಾರನೇ ದಿನ ಅದನ್ನೊತ್ತಿದ್ರೆ ಸೋಗೆ ಹೊದಿಕೆಗೆ ಹೋಗ್ತದಂತೆ.

ದುರ್ಗಿಗುಡಿ_ಲೈನಕ್ಸ್:

ಗಿಟ್‌ಹಬ್ಬಲ್ಲಿ ಇನ್‌ಕ್ಲೂಡ್ ಬೇಕಂತಲೇ ಬಂದ್ ಮಾಡಿರ್ತಾರೆ. ಯಾರೋ ಒಬ್ಬ ಸರ್ವರಿನ ಪಾಸ್‌ವರ್ಡ್ ಫೈಲನ್ನೇ ಇನ್‌ಕ್ಲೂಡ್ ಮಾಡಿ ತನ್ನ ಪುಟದಲ್ಲಿ ತೋರ್ಸ್ಕೊಂಡ್ರೆ? ಅದಕ್ಕೇ. ಡಾಕ್ಯುಟಿಲ್ಸಲ್ಲೇ ಫೈಲ್ ಇನ್ಸರ್ಷನ್ ಆಫ್ ಮಾಡೋ ಸೆಟಿಂಗ್ ಇದೆ. ಆಸ್ಕಿಡಾಕ್ಟರಲ್ಲೂ (ಆಸ್ಕಿಡಾಕ್ ಓದೋ ಪ್ರೋಗ್ರಾಮ್) ಸೆಕ್ಯೂರ್ ಮೋಡ್ ಅಂತ ಇದೆ, ಅದ್ರಲ್ಲಿ ಇನ್‌ಕ್ಲೂಡ್ ಜಾಗದಲ್ಲಿ ಬರೀ ಲಿಂಕ್ ಬರತ್ತೆ. ಮನೇಲೇ ಎಚ್‌ಟಿಎಂಎಲ್ ಮಾಡಿ ಆ ಫೈಲನ್ನ ಹಾಕಿ.

ಒತ್ತಕ್ಷರ:

ಲಿಂಕ್ ವಿಷ್ಯ ಮತ್ತೆ ನಮ್ಮ ಕನ್ನಡದ್ದೇ ಪಾಡು. ತಲೆಬರಹದಿಂದ ಡಾಕ್ಯುಟಿಲ್ಸ್ ಒಂದು ಐಡಿ ಮಾಡ್ಕೊಳ್ಳತ್ತೆ, ಅದ್ರಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಡ್ಯಾಶ್ ಬಿಟ್ಟು ಮಿಕ್ಕಿದ್ದೆಲ್ಲ ತೆಗ್ದಾಕತ್ತೆ. "ಕೊಳೆ ರೋಗ" ಅಂದ್ರಲ್ಲಿ ಅದನ್ನೆಲ್ಲ ತೆಗೆದ್ರೆ ಉಳಿಯೋದೇನು, ಸೊನ್ನೆ. ಆಗ ಅದೇ ಒಂದು ನಂಬರ್ ಕೊಡತ್ತೆ, ಹಳೇ ವರ್ಷನಲ್ಲಿ ಐಡಿ1, ಐಡಿ2, ಹೊಸದ್ರಲ್ಲಿ ಸೆಕ್ಷನ್-1, ಸೆಕ್ಷನ್-2 ಹಂಗೆ. ನೀವು ಬೆಟ್ಟೆ ರಾಶಿ ಎಲ್ಲಾ ವಾಪಸ್ ತಂದ್ರಲ್ಲ, ನಂಬರ್ ಎಲ್ಲಾ ಮುಂದಕ್ಕೆ ಜಾರಿರತ್ತೆ, ಹಳೇ ಲಿಂಕ್ ಬೇರೆ ಕಡೆ ಹೋಯ್ತು.

ಲಿಂಕ್ ಕೊಡೋ ತಲೆಬರಹಕ್ಕೆ ಮಾತ್ರ ಮೇಲ್ಗಡೆ ನೀವೇ ಲೇಬಲ್ ಬರೀರಿ, ಎರಡು ಚುಕ್ಕಿ, ಜಾಗ, ಅಡ್ಡಗೆರೆ, ಕೊಳೆ-ರೋಗ ಅಂತ ಇಂಗ್ಲಿಷ್ ಅಕ್ಷರದಲ್ಲಿ, ಕೋಲನ್, ಆಮೇಲೆ ಒಂದು ಖಾಲಿ ಸಾಲು. ಆ ಹೆಸರು ಎಷ್ಟು ಅಧ್ಯಾಯ ಸೇರ್ಸಿದ್ರೂ ಬದಲಾಗಲ್ಲ. (ಅಧ್ಯಾಯದ ಫೈಲಲ್ಲಿ ಲೇಬಲ್ ಇಡ್ಬೋದು, ಒಂದೇ ಸಲ ಸುರಿಯೋದಲ್ವಾ. ಬೋರ್ಡೋದಲ್ಲಿ ಬೇಡ.)

ತುಂಗಾತೀರ:

ಪುಸ್ತಕ ಅಂದ್ರಲ್ಲ, ಪ್ರಿಂಟ್ ಹೆಂಗೆ ತೆಗೀತೀರಿ? ಎಚ್‌ಟಿಎಂಎಲ್ ಪರಿವಿಡಿಲಿ ಪುಟದ ನಂಬರ್ ಬರಲ್ಲ, ಅದು ಲಿಂಕ್ ಅಷ್ಟೇ. ಕಾಗದದ ಮೇಲೆ ಲಿಂಕ್ ಒತ್ತೋಕಾಗತ್ತಾ. ಆರ್‌ಎಸ್‌ಟಿ2ಝೀಟೆಕ್ ಅಂತ ಡಾಕ್ಯುಟಿಲ್ಸ್ ಜೊತೆಗೇ ಬರತ್ತೆ, ಅದ್ರಿಂದ ಟೆಕ್ ಫೈಲ್ ಮಾಡಿ ಝೀಲೇಟೆಕ್ (ಪುಟ ಜೋಡ್ಸಿ ಪಿಡಿಎಫ್ ಮಾಡೋ ಪ್ರೋಗ್ರಾಮ್) ಓಡ್ಸಿ. ಫಾಂಟ್ ನೋಟೋ ಸೆರಿಫ್ ಕನ್ನಡ ಕೊಡಿ, ಜೊತೆಗೆ ಸ್ಕ್ರಿಪ್ಟ್=ಕನ್ನಡ ಅನ್ನೋದನ್ನ ಮರೀಬೇಡಿ, ಅದಿಲ್ದಿದ್ರೆ ಒತ್ತಕ್ಷರ ಎಲ್ಲಾ ಬಿಚ್ಕೊಂಡು ನಿಲ್ಲತ್ತೆ (ಮೇಲಿನ ಒತ್ತಕ್ಷರ ಮೇಡಂ ಅಲ್ಲ, ನಿಜವಾದ ಒತ್ತಕ್ಷರ).

ಮತ್ತೆ ಝೀಲೇಟೆಕ್ ಎರಡು ಸಲ ಓಡ್ಸಿ. ಮೊದಲನೇ ಸಲ ಅದು ಯಾವ ತಲೆಬರಹ ಯಾವ ಪುಟದಲ್ಲಿದೆ ಅಂತ ಬರ್ದಿಟ್ಕೊಳ್ಳತ್ತೆ, ಎರಡನೇ ಸಲ ಅದನ್ನ ನೋಡಿ ಪರಿವಿಡಿ ಹಾಕತ್ತೆ. ಪರಿವಿಡಿನೇ ಎರಡು ಮೂರು ಪುಟ ಆಗಿ ಮಿಕ್ಕಿದ್ದನ್ನ ಮುಂದೆ ತಳ್ಳಿದ್ರೆ ಮೂರನೇ ಸಲಾನೂ ಬೇಕು.

ತೋಟದಮನೆ:

ಎಲ್ರಿಗೂ ಥ್ಯಾಂಕ್ಸ್. 4 ದಿನ ಕರೆಂಟ್ ಇರ್ಲಿಲ್ಲ, ನಿನ್ನೆ ಶಿವಮೊಗ್ಗಕ್ಕೆ ಹೋಗಿದ್ದೆ, ಪೆನ್‌ಡ್ರೈವ್ ತಗೊಂಡು ಹೋಗಿ ಜೆರಾಕ್ಸ್ ಅಂಗಡಿಲಿ ಪ್ರಿಂಟ್ ತೆಗ್ಸಿದೆ. ಮೊದಲನೇ ಪ್ರತಿಲಿ ಪರಿವಿಡಿ ಅಂತ ದೊಡ್ಡ ಹೆಡಿಂಗು, ಕೆಳಗೆ ಖಾಲಿ ಪುಟ. ಒಂದೇ ಸಲ ಓಡ್ಸಿದ್ದೆ. ತುಂಗಾತೀರ ಸಾರ್ ಹೇಳಿದ್ದು ಅಲ್ಲೇ ನೆನಪಾಗಿ ಲ್ಯಾಪ್‌ಟಾಪ್ ತೆಗ್ದು ಅಂಗಡಿ ಬೆಂಚ್ ಮೇಲೆ ಕೂತು ಇನ್ನೆರಡು ಸಲ ಓಡ್ಸಿದೆ, ಬಂತು, ಚುಕ್ಕಿ ಸಾಲು, ಪುಟದ ನಂಬರ್ ಎಲ್ಲಾ ಸಮೇತ. ಹಸ 31, ಬೆಟ್ಟೆ 32, ರಾಶಿ 34, ಗೊರಬಲು 35.

ದೊಡ್ಡಪ್ಪ ಜಗಲಿ ಮೇಲೆ ಕೂತು ಪರಿವಿಡಿ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಓದಿದ್ರು. ಆಮೇಲೆ "ಚಾಲಿ ಎಲ್ಲಿ?" ಅಂದ್ರು (ಸಿಪ್ಪೆ ಸಮೇತ ಒಣಗ್ಸಿ ಸುಲಿಯೋ ಬಿಳಿ ಅಡಿಕೆ). ನಂಗೆ ಎದೆ ಧಸಕ್ ಅಂತು, ಮತ್ತೆ ನುಂಗ್ತಾ ಅಂತ ಫೈಲ್ ತೆಗ್ದು ನೋಡ್ದೆ. ನುಂಗಿಲ್ಲ. ನಾನು ಬರ್ದೇ ಇಲ್ಲ.

ಒತ್ತಕ್ಷರ:

ಚ, ಇಳಿ, ಲ, ಗುಡಿಸು, 4 ಆಯ್ತು. ಎರಡು ಗೆರೆ ಹಾಕ್ಬೇಡಿ ಮತ್ತೆ.